ಅಡಿಗೆಮನೆಯೇ ಮೊದಲ ಗಣಿತಶಾಲೆ
ನಮ್ಮ ಸೀಮೆಯ ಒಂದು ಮರೆತ ಚರಿತ್ರೆ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಹೊರಡುವ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲನ್ನಿಟ್ಟವರಾರು, ಗಂಟೆಯನ್ನು ತರಿಸಿದವರಾರು, ಕಾಲಕಾಲಕ್ಕೆ ಸೇವೆ ಸಲ್ಲಿಸಿದ ಗುರುಗಳಾರು ಎಂಬುದು ದಾಖಲಾಗುವುದು ಉಚಿತವೇ ಸರಿ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿಯೇ ಮಾಡಿದ್ದಾರೆ. ಆದರೆ ಧರ್ಮಕೇಂದ್ರವೆಂದರೆ ಕಲ್ಲುಗೋಡೆಗಳಷ್ಟೇ ಅಲ್ಲ. ಅದು ಮನೆಗಳ ಕೂಟ. ಆ ಮನೆಗಳ ಒಳಗೆ, ಒಲೆಯ ಬದಿಯಲ್ಲಿ ನಡೆದ ಚರಿತ್ರೆಯನ್ನು ಬರೆದವರು ಕಡಿಮೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಮ್ಮ ತಾಯಂದಿರು ಹಿಟ್ಟು ನಾದುತ್ತ, ರೊಟ್ಟಿ ಬಡಿಯುತ್ತ, ಹಬ್ಬದ ತಿಂಡಿಗಳನ್ನು ಸುಡುತ್ತ ತಮ್ಮ ಮಕ್ಕಳಿಗೆ ಗಣಿತವನ್ನು ಕಲಿಸಿದರೆಂಬ ಸಂಗತಿಯನ್ನು ಕುರಿತು ಕೆಲವು ಮಾತುಗಳನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ರೊಟ್ಟಿಯೂ ಭಿನ್ನರಾಶಿಯೂ

ಮಾನವನು ಭಿನ್ನರಾಶಿಯನ್ನು ಕಲಿತದ್ದು ರೊಟ್ಟಿಯನ್ನು ಮುರಿಯುವಾಗಲೇ ಇರಬೇಕೆಂದು ನನಗೆ ತೋರುತ್ತದೆ. ಇದು ಬರಿಯ ಊಹೆಯಲ್ಲವೆಂಬುದಕ್ಕೆ ಪುರಾತನ ಸಾಕ್ಷ್ಯವೊಂದಿದೆ. ಕ್ರಿಸ್ತಪೂರ್ವ ೧೫೫೦ರ ಸುಮಾರಿಗೆ ಐಗುಪ್ತ ದೇಶದ ಆಹ್ಮೆಸ್ ಎಂಬ ಲಿಪಿಕಾರನು ಪ್ರತಿ ಮಾಡಿಟ್ಟ ಗಣಿತದ ಸುರುಳಿಯೊಂದು ಇಂದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ; ರಿಂಡ್ ಪಪೈರಸ್ ಎಂದು ಅದನ್ನು ಕರೆಯುವರು. ಅದರ ಮೊದಲ ಆರು ಲೆಕ್ಕಗಳೂ ರೊಟ್ಟಿಗಳನ್ನು ಹತ್ತು ಜನರಿಗೆ ಹಂಚುವ ಲೆಕ್ಕಗಳೇ. ಆರು ರೊಟ್ಟಿಗಳನ್ನು ಹತ್ತು ಮಂದಿಗೆ ಹಂಚುವುದು ಹೇಗೆ? ಐದು ರೊಟ್ಟಿಗಳನ್ನು ಎರಡೆರಡಾಗಿ ಮುರಿದರೆ ಹತ್ತು ಅರ್ಧಗಳಾದವು. ಉಳಿದ ಒಂದನ್ನು ಹತ್ತು ತುಂಡು ಮಾಡಬೇಕು. ಪ್ರತಿಯೊಬ್ಬನಿಗೆ ಅರ್ಧ ರೊಟ್ಟಿ, ಅದರ ಮೇಲೆ ಒಂದು ರೊಟ್ಟಿಯ ಹತ್ತನೆಯ ಒಂದು ಪಾಲು. ಮುಂಡರಗಿಯ ಯಾವ ಅಜ್ಜಿಯಾದರೂ ಹಂಚುವುದು ಹೀಗೆಯೇ.

ಶಬ್ದಗಳೂ ಇದನ್ನೇ ನುಡಿಯುತ್ತವೆ. ಸಂಸ್ಕೃತದಲ್ಲಿ ಭಿನ್ನವೆಂದರೆ ಮುರಿದದ್ದು. ಅರಬ್ಬೀ ಭಾಷೆಯಲ್ಲಿ ಭಿನ್ನರಾಶಿಗೆ ಕಸ್ರ್ ಎನ್ನುವರು. ಅದರ ಅರ್ಥವೂ ಮುರಿತವೇ. ಲತೀನ್ ಭಾಷೆಯ 'ಫ್ರಾಂಗೆರೆ', ಅಂದರೆ ಮುರಿ ಎಂಬ ಧಾತುವಿನಿಂದ ಇಂಗ್ಲಿಷಿನ ಫ್ರಾಕ್ಷನ್ ಹುಟ್ಟಿತು. ಅದೇ ಧಾತುವಿನಿಂದಲೇ 'ಫ್ರಾಕ್ಸಿಯೊ ಪಾನಿಸ್', ಅಂದರೆ ದಿವ್ಯಬಲಿಪೂಜೆಯಲ್ಲಿ ಗುರುವು ರೊಟ್ಟಿಯನ್ನು ಮುರಿಯುವ ವಿಧಿಯೂ ಹೆಸರು ಪಡೆಯಿತು. ಗುರುಮಠದಲ್ಲಿ ಲತೀನ್ ಕಲಿಯುವಾಗ ಇದನ್ನು ಮೊದಲು ಅರಿತ ದಿನ ನಾನು ಬೆರಗಾದೆನು. ಪೀಠದ ಮೇಲಿನ ಮುರಿತಕ್ಕೂ ಹಲಗೆಯ ಮೇಲಿನ ಭಿನ್ನಕ್ಕೂ ಒಂದೇ ಹೆಸರು.

ಪವಿತ್ರ ಗ್ರಂಥವೂ ಅಳತೆಯನ್ನು ಹೀನವೆಂದು ಕಾಣಲಿಲ್ಲ. ಅಬ್ರಹಾಮನ ಅತಿಥಿಗಳಿಗಾಗಿ ಸಾರಳು ನಾದಿದ್ದು ಮೂರು ಅಳತೆಯ ಹಿಟ್ಟು. ಯೇಸುಸ್ವಾಮಿಯ ಸಾಮತಿಯಲ್ಲಿ ಹೆಂಗಸೊಬ್ಬಳು ಹುಳಿ ಬೆರೆಸಿದ್ದೂ ಮೂರು ಅಳತೆಯ ಹಿಟ್ಟಿಗೇ. ಅರಣ್ಯದಲ್ಲಿ ಮನ್ನಾ ಸುರಿದಾಗ ತಲೆಗೊಂದು ಓಮೆರ್ ಎಂದು ನಿಗದಿಯಾಯಿತು. ಓಮೆರ್ ಎಂದರೆ ಏಫಾ ಎಂಬ ಅಳತೆಯ ಹತ್ತನೆಯ ಒಂದು ಪಾಲೆಂದು ವಿಮೋಚನಾಕಾಂಡವೇ ಲೆಕ್ಕ ಹೇಳುತ್ತದೆ. ಐದು ರೊಟ್ಟಿಗಳು ಐದು ಸಾವಿರ ಜನರಿಗೆ ಸಾಕಾದ ಅದ್ಭುತದ ಕೊನೆಯಲ್ಲಿಯೂ ಶಿಷ್ಯರು ಉಳಿದ ತುಂಡುಗಳನ್ನು ಎಣಿಸದೆ ಬಿಡಲಿಲ್ಲ: ಹನ್ನೆರಡು ಬುಟ್ಟಿ.

ಈ ಮಣ್ಣಿನ ಗಣಿತ ಪರಂಪರೆ

ನಮ್ಮ ಸೀಮೆಗೆ ಗಣಿತವು ಪರದೇಶದಿಂದ ಹಡಗಿನಲ್ಲಿ ಬಂದ ವಿದ್ಯೆಯಲ್ಲ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಊರುಗಳಲ್ಲಿ ಅದೂ ಒಂದು. ಆ ಗ್ರಂಥವು ಹುಟ್ಟಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಗ್ರಂಥಾರಂಭದಲ್ಲಿ ಗಣಿತದ ಮಹಿಮೆಯನ್ನು ಹೇಳುತ್ತ ಅವನು ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಸಾಲಿನಲ್ಲಿಯೇ ಸೂಪಶಾಸ್ತ್ರವನ್ನೂ, ಎಂದರೆ ಅಡಿಗೆಯ ವಿದ್ಯೆಯನ್ನೂ, ಗಣಿತಕ್ಕೆ ಮನ್ನಣೆಯಿರುವ ಸ್ಥಾನವಾಗಿ ಎಣಿಸಿರುವನು. ಅಡಿಗೆಮನೆಗೆ ಈ ಗೌರವವನ್ನು ಕೊಟ್ಟವನು ನಮ್ಮ ನಾಡಿನ ಮಹಾಗಣಿತಜ್ಞನೆಂಬುದನ್ನು ನಾವು ಮರೆಯಬಾರದು.

ಅವನ ಗ್ರಂಥದಲ್ಲಿ ಭಿನ್ನರಾಶಿಯ ಅಧ್ಯಾಯಕ್ಕೆ ಕಲಾಸವರ್ಣವೆಂದು ಹೆಸರು. ಕಲೆಯೆಂದರೆ ಹದಿನಾರನೆಯ ಒಂದು ಅಂಶ. ಚಂದ್ರನಿಗೆ ಹದಿನಾರು ಕಲೆಗಳೆನ್ನುವುದೂ ಇದರಿಂದಲೇ. ಈ ಹದಿನಾರನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ. ಅದು ಮುಂದೆ ನಮ್ಮ ಅಜ್ಜಿಯರ ಡಬ್ಬಿಯೊಳಗೇ ಸಿಗಲಿದೆ.

ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ ಪಾಕವಿಧಿಗಳಿಗೂ ಸ್ಥಾನ ದೊರೆಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು ಲೆಕ್ಕವನ್ನು ಜನಸಾಮಾನ್ಯರ ಮಾತಿಗೆ ತಂದನು. ನಮ್ಮ ನೆರೆಯ ಲಕ್ಕುಂಡಿಯಾದರೋ ಲೊಕ್ಕಿ ಗದ್ಯಾಣವೆಂಬ ನಾಣ್ಯಕ್ಕೆ ಹೆಸರು ಕೊಟ್ಟ ಟಂಕಸಾಲೆಯ ಊರು. ಖಂಡುಗ, ಕೊಳಗ, ಬಳ್ಳ, ಮಾನ, ಸೊಲಗೆ ಎಂಬ ಅಳತೆಗಳು ಕನ್ನಡ ಶಾಸನಗಳಲ್ಲಿ ದಾನದ ಧಾನ್ಯವನ್ನೂ ಎಣ್ಣೆ ತುಪ್ಪಗಳನ್ನೂ ಅಳೆದವು. ಅವೇ ಅಳತೆಗಳು ಮನೆಯ ಕಣಜದ ಬದಿಯಲ್ಲಿಯೂ ನಿಂತಿದ್ದವು.

ಮೂರು ಆಳ್ವಿಕೆ, ಹದಿನಾರು ಚಟಾಕು

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ನಮ್ಮ ಈ ಚಿಕ್ಕ ಸೀಮೆಯು ಮೂರು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೂ ಇದೇ ಸ್ಥಿತಿ. ಆ ಕಾಲದಲ್ಲಿ ಪೇಟೆಯಿಂದ ಪೇಟೆಗೆ ಸೇರಿನ ಗಾತ್ರ ಬೇರೆಯಾಗುವುದು ದೇಶದಲ್ಲೆಲ್ಲ ಸಾಮಾನ್ಯವಾಗಿತ್ತು. ಸಂತೆಯಿಂದ ತಂದ ಧಾನ್ಯವನ್ನು ಮನೆಯ ಸೇರಿನಿಂದ ಮತ್ತೊಮ್ಮೆ ಅಳೆಯದೆ ಗೃಹಿಣಿಯು ಕಣಜಕ್ಕೆ ಸುರಿಯುತ್ತಿರಲಿಲ್ಲ. ಎರಡು ಬಗೆಯ ಕಲ್ಲುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡವು ವಿಧಿಸಿದ್ದು ಏಕೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಗಾವಟಿ ಶಾಲೆಗಳಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ತಿದ್ದುತ್ತ, ಕಾಲು, ಅರೆ, ಮುಕ್ಕಾಲು, ಒಂದೂವರೆಗಳ ಮಗ್ಗಿಗಳನ್ನು ರಾಗವಾಗಿ ಹೇಳುತ್ತಿದ್ದರು. ೧೮೪೧ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರಾಟೆಸ್ಟೆಂಟ್ ಸಹೋದರರು ಈ ಭಾಗದಲ್ಲಿ ಶಾಲೆಗಳನ್ನು ತೆರೆದು ಮಾಡಿದ ಉಪಕಾರವನ್ನು ಕೃತಜ್ಞತೆಯಿಂದ ನೆನೆಯಬೇಕು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳನ್ನು ಊರೂರಿಗೆ ಹರಡಿದರು. ಆದರೂ ಬಹುಪಾಲು ಹೆಣ್ಣುಮಕ್ಕಳಿಗೆ ಶಾಲೆಯ ಹೊಸ್ತಿಲು ದೂರವೇ ಉಳಿಯಿತು. ಅವರ ಗಾವಟಿ ಶಾಲೆ ಒಲೆಯ ಬದಿಯಲ್ಲಿತ್ತು.

ಆ ಶಾಲೆಯ ಪಠ್ಯವಾದರೂ ಎಷ್ಟು ಸುಂದರವಾಗಿತ್ತು! ಒಂದು ಸೇರಿಗೆ ಎಂಬತ್ತು ತೊಲೆ. ಸೇರನ್ನು ಅರ್ಧ ಮಾಡಿದರೆ ಅಚ್ಚೇರು; ಅದನ್ನು ಅರ್ಧ ಮಾಡಿದರೆ ಪಾವು; ಪಾವಿನ ಅರ್ಧ ಅರ್ಧಪಾವು; ಅದರ ಅರ್ಧ ಚಟಾಕು. ನಾಲ್ಕು ಬಾರಿ ಅರ್ಧಿಸಿದರೆ ಹದಿನಾರು ಚಟಾಕು. ರೂಪಾಯಿಗೂ ಹದಿನಾರೇ ಆಣೆ! ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ ಎಂಬ ಒಂದೇ ಸೂತ್ರದಿಂದ ಅಕ್ಷರವರಿಯದ ತಾಯಿಯೂ ಅಂಗಡಿಯವನಿಗಿಂತ ಮೊದಲು ಬೆಲೆಯನ್ನು ಹೇಳಬಲ್ಲವಳಾಗಿದ್ದಳು. ಮಹಾವೀರಾಚಾರ್ಯನ ಕಲೆಯು ತುಪ್ಪದ ಚಟಾಕಾಗಿ ಅವಳ ಕೈಯಲ್ಲಿತ್ತು. ೧೯೦೫ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದಾಗ ಊರವರು ಸಾಲ, ಬಡ್ಡಿ, ಪಾಲುಗಳ ಲೆಕ್ಕವನ್ನು ತಾವೇ ಬರೆದಿಡತೊಡಗಿದರು. ಮನೆಯೊಳಗೆ ಚಟಾಕನ್ನು ಲೆಕ್ಕವಿಟ್ಟು ಬೆಳೆದ ಊರಿಗೆ ಅದು ತೀರ ಹೊಸ ವಿದ್ಯೆಯಾಗಿರಲಾರದು.

ಕ್ರಿಸ್ತಜಯಂತಿಯ ಭಟ್ಟಿ

೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗನ್ನು ಮುಟ್ಟಿತು. ಹಳಿಗಳ ಮೇಲಿನ ಊರುಗಳಲ್ಲಿ ಬೇರೆಬೇರೆ ಕಡೆಯ ಜನ ನೆಲೆಸಿದಂತೆ ಅಡಿಗೆಗಳೂ ಕಲೆತವು. ಗೋವೆಯ ಕಡೆಯ ಪಾವು, ಕೇಕುಗಳು ನಮ್ಮ ಜೋಳದ ರೊಟ್ಟಿ, ಕರ್ಚಿಕಾಯಿ, ಶಂಕರಪೋಳಿಗಳ ಪಕ್ಕದಲ್ಲಿ ಕುಳಿತವು. ಮನೆಯಲ್ಲಿ ಭಟ್ಟಿಯಿಲ್ಲದವರು ದಪ್ಪ ಪಾತ್ರೆಯ ತಳಕ್ಕೆ ಮರಳನ್ನು ಹರಡಿ, ಮುಚ್ಚಳದ ಮೇಲೆ ಕೆಂಡವನ್ನಿಟ್ಟು ಕೇಕನ್ನು ಬೇಯಿಸಿದರು. ನಾನಖಟಾಯಿಗಾಗಿ ಮೈದಾ, ಸಕ್ಕರೆ, ತುಪ್ಪವನ್ನು ಮನೆಯಲ್ಲಿಯೇ ತೂಗಿ ಬೇಕರಿಯ ಭಟ್ಟಿಗೆ ಹೊತ್ತೊಯ್ದು ಸುಡಿಸಿಕೊಂಡು ಬರುವುದು ನಮ್ಮೂರುಗಳಲ್ಲಿ ದೀಪಾವಳಿ, ಕ್ರಿಸ್ತಜಯಂತಿಗಳ ಪರಿಪಾಠವಾಯಿತು.

ರೊಟ್ಟಿಗೆ ಕೈಯ ಅಂದಾಜು ಸಾಕು, ಭಟ್ಟಿಗೆ ಸಾಲದು. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು. ಭಟ್ಟಿಯೊಳಗೆ ಹೋದ ಹಿಟ್ಟಿನ ತಪ್ಪನ್ನು ತಿದ್ದಲು ಬರುವುದಿಲ್ಲ. ಒಂದು ಸೇರು ಮೈದಾಕ್ಕೆ ಅರ್ಧ ಸೇರು ಸಕ್ಕರೆ, ಅರ್ಧ ಸೇರು ತುಪ್ಪವೆಂಬುದು ನಮ್ಮ ಮನೆಯ ಪ್ರಮಾಣ. ಇದು ಎರಡಕ್ಕೆ ಒಂದು, ಒಂದು ಎಂಬ ಅನುಪಾತ. ಮೈದಾ ಹೆಚ್ಚಾದರೆ ಉಳಿದವೂ ಹೆಚ್ಚಬೇಕು, ಕಡಿಮೆಯಾದರೆ ಕಡಿಮೆಯಾಗಬೇಕು; ಇದುವೇ ತ್ರೈರಾಶಿಕ. ತಗಡಿನಲ್ಲಿ ಉಂಡೆಗಳನ್ನು ಆರು ಸಾಲು, ಸಾಲಿಗೆ ಐದರಂತೆ ಇಟ್ಟರೆ ಮೂವತ್ತು, ಇದು ಮಗ್ಗಿ. ಮೂರು ತಗಡು ತೊಂಬತ್ತರಲ್ಲಿ ನೆರೆಯ ಲಿಂಗಾಯತ, ಮುಸಲ್ಮಾನ ಮನೆಗಳ ತಾಟುಗಳಿಗೆಷ್ಟು, ಮನೆಯ ಮಕ್ಕಳಿಗೆಷ್ಟು, ಇದು ಭಾಗಾಕಾರ. ತಾಟು ಮೊದಲು ನೆರೆಗೆ ಹೋಗತಕ್ಕದ್ದು, ಮನೆಗೆ ಉಳಿದದ್ದು, ಇದು ಧರ್ಮೋಪದೇಶ.

ನಮ್ಮ ಅಜ್ಜಿಯ ಒಲೆಯ ಬಳಿ ಇನ್ನೊಂದು ನಿಯಮವಿತ್ತು. ಒಂದು ರೊಟ್ಟಿಯನ್ನು ಇಬ್ಬರು ಹಂಚಿಕೊಳ್ಳಬೇಕಾದಾಗ ಜಗಳ ಹುಟ್ಟಿದರೆ ಅವರು, "ತಮ್ಮಾ, ಮುರಿದಾಂವ ಕಡೀಕ ತೊಗೋಬೇಕು" ಎನ್ನುತ್ತಿದ್ದರು. ಕೊನೆಗೆ ಉಳಿಯುವ ತುಂಡು ತನ್ನದೆಂದು ತಿಳಿದವನು ಎಷ್ಟು ಎಚ್ಚರದಿಂದ ಅರ್ಧ ಮಾಡುತ್ತಾನೆಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ. ನ್ಯಾಯಶಾಸ್ತ್ರವನ್ನು ಮುಂದೆ ಗ್ರಂಥಗಳಲ್ಲಿ ಓದಿದೆನಾದರೂ ಕಲಿತದ್ದು ಅಲ್ಲಿಯೇ.

ಅಕ್ಕನ ಆರು

ಇಲ್ಲಿ ಸ್ವಂತ ಮನೆಯ ಒಂದು ಸಂಗತಿಯನ್ನು ಹೇಳಲು ಓದುಗರ ಕ್ಷಮೆಯನ್ನು ಬೇಡುತ್ತೇನೆ. ನನಗಿಂತ ಹತ್ತು ವರ್ಷ ಹಿರಿಯಳಾದ ಅಕ್ಕನೊಬ್ಬಳಿದ್ದಳು. ನಾನು ಹುಟ್ಟುವ ಮೊದಲಿನ ಮಾತು. ಅವಳೇ ಮುಂದೆ ನನಗೆ ಹೇಳಿದ್ದು. ಶಾಲೆಯಲ್ಲಿ ಮಾಸ್ತರರು, "ಮುಕ್ಕಾಲಿನ ಅರ್ಧವೆಷ್ಟು?" ಎಂದು ಕೇಳಿದರಂತೆ. ಅಕ್ಕ ತಡಮಾಡದೆ "ಆರು" ಎಂದಳು. ತರಗತಿಯೆಲ್ಲ ನಕ್ಕಿತು. ಒಂದಕ್ಕಿಂತ ಕಡಿಮೆಯಾದುದರ ಅರ್ಧ ಆರು ಹೇಗಾದೀತು? ಬೆಂಚಿನ ಮೇಲೆ ನಿಲ್ಲಿಸಿದರು. ಈ ಹುಡುಗಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲವೆಂಬ ಮಾತು ಮನೆಯವರೆಗೂ ಬಂದಿತು. ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಗಿತ್ತು. ಮರು ವರ್ಷ ಅವಳು ಶಾಲೆಗೆ ಹೋಗಲಿಲ್ಲ.

ಅವಳ ಉತ್ತರ ತಪ್ಪಾಗಿರಲಿಲ್ಲ. ಹಿಂದಿನ ಕ್ರಿಸ್ತಜಯಂತಿಯಲ್ಲಿ ಕೈ ಬಿಗಿಯಾಗಿದ್ದುದರಿಂದ ಮನೆಯಲ್ಲಿ ಮುಕ್ಕಾಲು ಸೇರು ಮೈದಾ ಮಾತ್ರ ತಂದಿದ್ದರು. ಮುಕ್ಕಾಲು ಸೇರೆಂದರೆ ಹನ್ನೆರಡು ಚಟಾಕು. ಅದಕ್ಕೆ ಸಕ್ಕರೆ, ತುಪ್ಪ ಅರ್ಧರ್ಧ, ಆರಾರು ಚಟಾಕು. ಹದಿನಾರರಲ್ಲಿ ಆರು ಎಂದರೆ ಎಂಟರಲ್ಲಿ ಮೂರು, ೩/೮. ಮಾಸ್ತರರು ಬಯಸಿದ ಉತ್ತರವೂ ಅದುವೇ! ಅಕ್ಕನ ಆರಿಗೂ ಮಾಸ್ತರರ ಎಂಟರಲ್ಲಿ ಮೂರಕ್ಕೂ ನಡುವೆ ಇದ್ದುದು ಒಂದೇ ಮೆಟ್ಟಿಲು. "ಯಾವ ಆರು, ತಂಗೀ?" ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ಸಾಕಾಗಿತ್ತು. ಯಾರೂ ಕೇಳಲಿಲ್ಲ.

ಮುಂದೆ ಐವತ್ತು ವರ್ಷಗಳ ಕಾಲ ಅವಳು ಮದುವೆಗಳಿಗೆ, ಹಬ್ಬಗಳಿಗೆ ಅಡಿಗೆಯ ಪ್ರಮಾಣವನ್ನು ಬಾಯಿಲೆಕ್ಕದಲ್ಲಿಯೇ ಹೇಳಿದಳು, ಒಮ್ಮೆಯೂ ತಪ್ಪಲಿಲ್ಲ. ತೀರಿಕೊಳ್ಳುವ ಕೆಲವು ತಿಂಗಳ ಹಿಂದೆ ನಾನು ಚೀಟಿಯೊಂದರ ಮೇಲೆ ಈ ಲೆಕ್ಕವನ್ನು ಬರೆದು ತೋರಿಸಿ, "ಅಕ್ಕಾ, ನೀ ಹೇಳಿದ್ದು ಖರೇನ ಇತ್ತು" ಎಂದೆನು. ಅವಳು ನಕ್ಕು, "ಅದೇನ ಲೆಕ್ಕ ಬಿಡೋ ತಮ್ಮಾ, ಅದು ಅಡಿಗಿ" ಎಂದಳು. ಅಷ್ಟು ವರ್ಷ ಓದಿದ ನಾನು ಆ ಚೀಟಿಯನ್ನು ನಲವತ್ತು ವರ್ಷ ಮೊದಲೇ ಏಕೆ ಬರೆಯಲಿಲ್ಲವೆಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಈ ಲೇಖನವೇ ನನ್ನ ಪ್ರಾಯಶ್ಚಿತ್ತ.

ಅಳತೆ ಬದಲಾದ ಕಾಲ

೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯೆಪೈಸೆಗಳಾದವು. ೧೯೫೮ರ ಅಕ್ಟೋಬರಿನಿಂದ ಕಿಲೋಗ್ರಾಮು ಹಂತಹಂತವಾಗಿ ಪೇಟೆಗೆ ಬಂದಿತು. ದೇಶಕ್ಕೆಲ್ಲ ಒಂದೇ ತೂಕವಾದದ್ದು ಬಡವರಿಗೆ ದೊಡ್ಡ ರಕ್ಷಣೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅರ್ಧಿಸುತ್ತ ಹೋಗುವ ಹಳೆಯ ಲೆಕ್ಕದಲ್ಲಿ ಪಳಗಿದ ತಾಯಂದಿರ ವಿದ್ಯೆಗೆ ಒಮ್ಮೆಲೇ ಬೆಲೆಯಿಲ್ಲದಂತಾಯಿತು. ಸೇರೆಂದರೆ ಸುಮಾರು ೯೩೩ ಗ್ರಾಮು. ಒಂದಾಣೆಯೆಂದರೆ ಆರೂಕಾಲು ನಯೆಪೈಸೆ. ಶಾಲೆಯ ಮಕ್ಕಳು ದಶಮಾಂಶವನ್ನು ಕಲಿತರು. ಅಜ್ಜಿಯರು ಚಟಾಕಿನಲ್ಲಿಯೇ ಉಳಿದರು. ಒಂದೇ ಮನೆಯಲ್ಲಿ ಎರಡು ಗಣಿತಗಳಾಗಿ, ಕಲಿಸುವ ಬಾಯಿ ಸುಮ್ಮನಾಯಿತು. ತರುವಾಯ ಗಿರಣಿಯ ಹಿಟ್ಟು, ಆಮೇಲೆ ಪ್ಯಾಕೆಟ್ಟಿನ ಹಿಟ್ಟು, ಇಂದು ಪ್ಯಾಕೆಟ್ಟಿನ ರೊಟ್ಟಿಯೇ ಬಂದಿದೆ. ಮಗುವಿನ ಕೈಗೆ ಅಳೆಯಲು ಏನೂ ಉಳಿಯಲಿಲ್ಲ.

ಶಿಕ್ಷಣವನ್ನು ಆಳವಾಗಿ ಚಿಂತಿಸಿದವರು ಇದಕ್ಕೆ ವಿರುದ್ಧವಾದ ದಾರಿಯನ್ನೇ ತೋರಿಸಿದ್ದರು. ಕಥೋಲಿಕ ಮಹಿಳೆಯಾದ ಡಾಕ್ಟರ್ ಮರಿಯಾ ಮಾಂಟೆಸ್ಸೊರಿಯವರು ೧೯೦೭ರ ಜನವರಿ ೬ರಂದು, ಮೂವರು ಜ್ಞಾನಿಗಳ ಹಬ್ಬದ ದಿನವೇ, ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದರು. ಸುರಿಯುವುದು, ಅಳೆಯುವುದು, ಒರೆಸುವುದು ಮೊದಲಾದ ಮನೆಗೆಲಸಗಳೇ ಅಲ್ಲಿ ಪಾಠಗಳು; ಕೈ ಅರಿತದ್ದನ್ನು ಬುದ್ಧಿಯು ಹಿಡಿಯುವುದೆಂಬುದು ಅವರ ಮತ. ೧೯೩೯ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು, ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟರು. ೧೯೩೭ರಲ್ಲಿ ವಾರ್ಧಾದಲ್ಲಿ ಮಹಾತ್ಮಾ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ತಿರುಳೂ ಕೈಕೆಲಸದ ಮೂಲಕ ವಿದ್ಯೆಯೆಂಬುದೇ.

ಮನೆ ಮತ್ತು ಶಾಲೆಯ ನಡುವಣ ಮೆಟ್ಟಿಲು

೨೦೨೦ರ ಮಾರ್ಚ್‌ನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿ, ಮಕ್ಕಳು ಬಹುಕಾಲ ಮನೆಯಲ್ಲುಳಿದುದನ್ನು ನಾವು ಮರೆತಿಲ್ಲ. ಚಿಕ್ಕ ತರಗತಿಯ ಮಕ್ಕಳು ಕೂಡುವ ಕಳೆಯುವ ಲೆಕ್ಕವನ್ನೂ ಮರೆತರು. ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ನಿಪುಣ್ ಭಾರತ್ ಎಂಬ ಯೋಜನೆಯನ್ನು ಆರಂಭಿಸಿ, ಮೂರನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಅಡಿಪಾಯ ದೊರೆಯಬೇಕೆಂದು ಗೊತ್ತುಪಡಿಸಿತು. ಆ ಅಡಿಪಾಯದ ಒಂದು ಮೂಲೆಗಲ್ಲನ್ನು ಇಡಬೇಕಾದವರು ತಂದೆತಾಯಿಗಳು.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮಗುವನ್ನು ಅಡಿಗೆಮನೆಗೆ ಕರೆದ ಮಾತ್ರಕ್ಕೆ ಗಣಿತ ಬಂದುಬಿಡುವುದಿಲ್ಲ. ೧೯೮೫ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದ ಸಂಶೋಧಕರು, ಬೀದಿಯಲ್ಲಿ ಹಣ್ಣು ತರಕಾರಿ ಮಾರುವ ಮಕ್ಕಳು ವ್ಯಾಪಾರದಲ್ಲಿ ಸರಿಯಾಗಿ ಮಾಡುವ ಲೆಕ್ಕವನ್ನೇ ಕಾಗದದ ಮೇಲೆ ಕೊಟ್ಟಾಗ ತಡವರಿಸುವುದನ್ನು ಪ್ರಕಟಿಸಿದರು. ೨೦೨೫ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತಾ, ದಿಲ್ಲಿಗಳ ಪೇಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಇದನ್ನೇ ಕಂಡರು. ಶಾಲೆಯ ಲೆಕ್ಕದಲ್ಲಿ ಜಾಣರಾದ ಮಕ್ಕಳು ಪೇಟೆಯ ಲೆಕ್ಕದಲ್ಲಿ ಸೋಲುವುದನ್ನೂ ಕಂಡರು. ವಿದ್ವಾಂಸರು ಇಷ್ಟು ದೂರ ಹೋಗಿ ಕಂಡದ್ದು ನಮ್ಮ ಅಕ್ಕನ ಆರನ್ನೇ. ಕೈಯ ಲೆಕ್ಕವೂ ಹಲಗೆಯ ಲೆಕ್ಕವೂ ಒಂದೇ ಎಂದು ಮಗುವಿಗೆ ಯಾರಾದರೂ ತೋರಿಸಿಕೊಡಬೇಕು.

ಆದುದರಿಂದ ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ನನ್ನ ಬಿನ್ನಹವಿಷ್ಟೆ. ವಾರಕ್ಕೊಮ್ಮೆಯಾದರೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳನ್ನು ಪರಾತದ ಮುಂದೆ ಕುಳ್ಳಿರಿಸಿರಿ. ಬೆಂಕಿಯ ಕೆಲಸ ದೊಡ್ಡವರಿಗಿರಲಿ. ಅಳೆಯುವ, ಉಂಡೆ ಮಾಡುವ, ಎಣಿಸುವ ಕೆಲಸ ಮಕ್ಕಳದಾಗಲಿ. ಚಪಾತಿಯನ್ನು ಒಮ್ಮೆ ಮಡಿಸಿದರೆ ಅರ್ಧ, ಮತ್ತೊಮ್ಮೆ ಮಡಿಸಿದರೆ ಕಾಲು, ಇನ್ನೊಮ್ಮೆ ಮಡಿಸಿದರೆ ಎಂಟನೆಯ ಒಂದು ಪಾಲು. ಕಿಲೋ ಹಿಟ್ಟಿಗೂ ಹಳೆಯ ಸೇರಿನಂತೆಯೇ ಐನೂರು, ಇನ್ನೂರೈವತ್ತು, ನೂರಿಪ್ಪತ್ತೈದು ಗ್ರಾಮೆಂದು ಅರ್ಧಿಸುವ ದಾರಿಯುಂಟು. ಕೈ ತೊಳೆದುಕೊಂಡ ಮೇಲೆ ಅಂದು ಮಾಡಿದ್ದನ್ನು ಮಗುವು ಪಾಟಿಯ ಮೇಲಾಗಲಿ ವಹಿಯಲ್ಲಾಗಲಿ ಅಂಕಿಗಳಲ್ಲಿ ಬರೆಯಲಿ. ಈ ಕೊನೆಯ ಕೆಲಸವನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧವೇ. ಉತ್ತರ ತಪ್ಪೆಂದು ತೋರಿದಾಗ ಗದರಿಸುವ ಮೊದಲು, ಮನೆಯಲ್ಲಿಯೇ ಆಗಲಿ ಶಾಲೆಯಲ್ಲಿಯೇ ಆಗಲಿ, "ಹೇಗೆ ಬಂತು?" ಎಂದು ಕೇಳಿರಿ.

ನೂರು ವರ್ಷಗಳಿಂದ ನಮ್ಮ ಪೀಠದ ಮೇಲೆ ರೊಟ್ಟಿಯು ಮುರಿಯಲ್ಪಡುತ್ತಿದೆ. ಎಷ್ಟು ತುಂಡಾದರೂ ಪ್ರತಿಯೊಂದು ತುಂಡಿನಲ್ಲಿಯೂ ಪ್ರಭುವು ಪೂರ್ಣನಾಗಿಯೇ ಇರುವನೆಂಬುದು ನಮ್ಮ ವಿಶ್ವಾಸ. ಆ ಲೆಕ್ಕವು ಯಾವ ಶಾಸ್ತ್ರಕ್ಕೂ ಎಟುಕದು. ಅಡಿಗೆಮನೆಯ ಲೆಕ್ಕವಾದರೋ ನಮ್ಮ ಕೈಗೆ ಎಟುಕುವಂಥದು. ತನ್ನ ಬುದ್ಧಿಯ ಬೆಲೆಯನ್ನು ತಾನೇ ಅರಿಯದೆ ಹೋಗುವ ಮಗು ಈ ಧರ್ಮಕೇಂದ್ರದಲ್ಲಿ ಇನ್ನು ಮುಂದೆ ಒಂದೂ ಇರದಿರಲಿ. ಮನೆಯ ಹಿಟ್ಟನ್ನು ಅಳೆದು ನಾದಿ ಕುಟುಂಬವನ್ನು ಪೋಷಿಸಿದ ಮಾತೆ ಮರಿಯಮ್ಮನವರು ನಮ್ಮ ತಾಯಂದಿರನ್ನೂ ಅವರ ಮಕ್ಕಳನ್ನೂ ಕಾಪಾಡಲಿ.